ಬಸ್ರಾದ ತೈಲ ಹಡಗು ಹತ್ತುವ ದಾರಿ

(ಕೋಲಾರದಲ್ಲಿ ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳು ಹಾಗೂ ಊರಿನ ಆಸಕ್ತರ ಮುಂದೆ, ಸಮುದ್ರದ ಪೈಪ್‌ಲೈನ್ ಕೆಲಸದಲ್ಲಿ ದುಡಿದು ನಿವೃತ್ತರಾದ ಎಂಜಿನಿಯರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಕೆ.ಸಿ. ವ್ಯಾಲಿ ನೀರು ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಂದು ಬಿದ್ದಿದ್ದು 2018ರ ಜೂನ್‌ನಲ್ಲಿ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ, ಪಂಪ್ ಹಾಕಿ ಎತ್ತಿ, ಕೊಳವೆಯಲ್ಲಿ ನಮ್ಮ ಜಿಲ್ಲೆಗೆ ತಳ್ಳುವ ಯೋಜನೆ. ಕಾಗದದ ಮೇಲೆ ಅದರ ಅಳತೆ ದಿನಕ್ಕೆ 440 ಎಂಎಲ್‌ಡಿ, ಅಂದರೆ 44 ಕೋಟಿ ಲೀಟರ್. ಈ ಒಂದು ಸಂಖ್ಯೆಯನ್ನು ಇವತ್ತು ತಲೆಯಲ್ಲಿ ಇಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಕಚ್ಚಾ ತೈಲವನ್ನು ಲೀಟರಿನಲ್ಲಿ ಅಳೆಯುವುದಿಲ್ಲ, ಬ್ಯಾರಲ್‌ನಲ್ಲಿ ಅಳೆಯುತ್ತಾರೆ. ಒಂದು ಬ್ಯಾರಲ್ ಎಂದರೆ ಸುಮಾರು 159 ಲೀಟರ್. ಕೆ.ಸಿ. ವ್ಯಾಲಿಯ 44 ಕೋಟಿ ಲೀಟರನ್ನು ಬ್ಯಾರಲ್ಲಿಗೆ ತಿರುಗಿಸಿದರೆ ಹತ್ತಿರ ಹತ್ತಿರ 27 ಲಕ್ಷದ 70 ಸಾವಿರ ಆಗುತ್ತದೆ. ಇರಾಕ್ ದೇಶ ತನ್ನ ದಕ್ಷಿಣದ ಬಸ್ರಾ ತೀರದಿಂದ 2023, 2024ರಲ್ಲಿ ಹಡಗು ಹತ್ತಿಸಿದ್ದು ದಿನಕ್ಕೆ ಸುಮಾರು 33 ಲಕ್ಷ ಬ್ಯಾರಲ್. ನಮ್ಮ ಕೆರೆಗಳಿಗೆಂದು ಹಾಕಿದ ಕೊಳವೆಯ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆ ದೇಶದ ಸರ್ಕಾರಕ್ಕೆ ಬರುವ ಆದಾಯದಲ್ಲಿ ನೂರಕ್ಕೆ ತೊಂಬತ್ತರಷ್ಟು ತೈಲದ್ದು. ಮೇಷ್ಟ್ರ ಸಂಬಳ, ಆಸ್ಪತ್ರೆಯ ಔಷಧಿ, ರೇಷನ್ ಹಿಟ್ಟು, ಸೈನಿಕರ ಊಟ ಎಲ್ಲವೂ ಆ ಒಂದು ಹರಿವಿನಿಂದಲೇ ಬರಬೇಕು. ನಾಲ್ಕು ಕೋಟಿಗೂ ಮೀರಿದ ಜನರ ಬದುಕು ಸಮುದ್ರದಡಿ ಮಲಗಿರುವ ಕೆಲವು ಕೊಳವೆಗಳ ಮೇಲೆ ನಿಂತಿದೆ. ಇವತ್ತಿನ ಮಾತು ಆ ಕೊಳವೆಗಳ ಬಗ್ಗೆ.

ತೈಲ ಸಂಪತ್ತು ಎಂದಾಗ ನಾವೆಲ್ಲ ನೋಡುವುದು ನೆಲದಡಿ ಎಷ್ಟಿದೆ ಎಂಬುದನ್ನು. ಪತ್ರಿಕೆಗಳೂ ಅದನ್ನೇ ಬರೆಯುತ್ತವೆ. ನನ್ನ ಕೆಲಸ ನನಗೆ ಕಲಿಸಿದ್ದು ಬೇರೆ. ನೆಲದಡಿ ಎಷ್ಟೇ ಇರಲಿ, ಬಾವಿಯಿಂದ ಎಷ್ಟೇ ಎತ್ತಲಿ, ದೇಶಕ್ಕೆ ಹಣವಾಗುವುದು ಹಡಗಿನ ಹೊಟ್ಟೆಗೆ ಇಳಿದ ತೈಲ ಮಾತ್ರ. ಇರಾಕ್‌ನಂಥ ದೇಶಕ್ಕೆ ಆ ಕೊನೆಯ ಐವತ್ತು ಕಿಲೋಮೀಟರೇ ಎಲ್ಲಕ್ಕಿಂತ ಕಷ್ಟದ್ದು.

ನಕ್ಷೆ ತೆಗೆದು ನೋಡಿ. ಇಷ್ಟು ದೊಡ್ಡ ದೇಶಕ್ಕೆ ಇರುವ ಕಡಲತೀರ ಸುಮಾರು 58 ಕಿ.ಮೀ. ಮಾತ್ರ. ಒಂದು ಪಕ್ಕ ಇರಾನ್, ಇನ್ನೊಂದು ಪಕ್ಕ ಕುವೈತ್, ನಡುವೆ ಫಾವ್ ಎಂಬ ಚಾಚು ನೆಲ. ಟೈಗ್ರಿಸ್, ಯೂಫ್ರೆಟಿಸ್ ಎರಡೂ ಸೇರಿ ಶತ್ ಅಲ್ ಅರಬ್ ಆಗಿ ಅಲ್ಲೇ ಸಮುದ್ರ ಸೇರುತ್ತವೆ. ನದಿ ಸಾವಿರಾರು ವರ್ಷಗಳಿಂದ ತಂದು ಸುರಿದ ಹೂಳಿನಿಂದ ಅಲ್ಲಿನ ಕಡಲು ಬಹಳ ಆಳವಿಲ್ಲ. ತೈಲ ಹೊರುವ ದೊಡ್ಡ ಹಡಗನ್ನು ವಿಎಲ್‌ಸಿಸಿ ಎನ್ನುತ್ತಾರೆ. ಉದ್ದ ಸುಮಾರು 330 ಮೀಟರ್, ಹೊರುವುದು 20 ಲಕ್ಷ ಬ್ಯಾರಲ್. ಪೂರ್ತಿ ತುಂಬಿದಾಗ ಅದರ ತಳ ನೀರಿನೊಳಗೆ ಇಪ್ಪತ್ತು ಮೀಟರಿಗೂ ಹೆಚ್ಚು ಇಳಿದಿರುತ್ತದೆ. ಅಂಥ ಹಡಗು ಫಾವ್ ದಡದ ಹತ್ತಿರಕ್ಕೂ ಬರಲಾರದು. ಹಡಗು ದಡಕ್ಕೆ ಬಾರದಿದ್ದರೆ ತೈಲವೇ ಹಡಗಿದ್ದಲ್ಲಿಗೆ ಹೋಗಬೇಕು. ಸಮುದ್ರದ ಕೊಳವೆ ಹುಟ್ಟಿದ್ದೇ ಈ ಕಾರಣಕ್ಕೆ.

1960ರ ದಶಕದಲ್ಲಿ ಖೋರ್ ಅಲ್ ಅಮಾಯಾ ಎಂಬ ಕಡಲ ಟರ್ಮಿನಲ್ ಇತ್ತು. 1970ರ ದಶಕದಲ್ಲಿ ಅದಕ್ಕಿಂತ ದೊಡ್ಡದಾದ ಮೀನಾ ಅಲ್ ಬಕ್ರ್ ಬಂತು. ಇವತ್ತು ಅದರ ಹೆಸರು ಬಸ್ರಾ ಆಯಿಲ್ ಟರ್ಮಿನಲ್. ದಡದಿಂದ ಸುಮಾರು 50 ಕಿ.ಮೀ. ಆಚೆ, ಸುತ್ತ ನೀರು ಬಿಟ್ಟರೆ ಏನೂ ಇಲ್ಲದ ಕಡೆ, ಉಕ್ಕಿನ ಕಂಬಗಳ ಮೇಲೆ ನಿಂತ ಕಟ್ಟೆ. ನಾಲ್ಕು ಹಡಗು ನಿಲ್ಲಲು ನಾಲ್ಕು ಬರ್ತ್. ಫಾವ್‌ನಿಂದ ಅಲ್ಲಿಗೆ 48 ಇಂಚು ಅಗಲದ ಎರಡು ಕೊಳವೆ. 2012ರಲ್ಲಿ ಹೊಸ ವ್ಯವಸ್ಥೆ ಬರುವವರೆಗೆ, ಯುದ್ಧಗಳಿಂದ ನಿಂತ ಕಾಲ ಬಿಟ್ಟರೆ, ಇರಾಕ್‌ನ ದಕ್ಷಿಣದಿಂದ ಹಡಗು ಹತ್ತಿದ ತೈಲ ಬಹುಮಟ್ಟಿಗೆ ಹೋಗಿದ್ದು ಆ ಎರಡು ಕೊಳವೆಗಳಲ್ಲೇ.

ಬೇರೆ ದಾರಿ ಇರಲಿಲ್ಲವೇ ಎಂದು ನೀವು ಕೇಳಬಹುದು. ಇದ್ದವು. ಉತ್ತರ ಇರಾಕಿನ ತೈಲದ ಊರು ಕಿರ್ಕುಕ್‌ನಿಂದ ಸಿರಿಯಾದ ಬಾನಿಯಾಸ್‌ಗೆ 1952ರಲ್ಲೇ ಕೊಳವೆ ಹಾಕಿದ್ದರು. ಇರಾನ್ ಜತೆ ಯುದ್ಧ ನಡೆಯುತ್ತಿದ್ದಾಗ, 1982ರಲ್ಲಿ, ಸಿರಿಯಾ ಇರಾನ್ ಪಕ್ಷ ಹಿಡಿದು ಅದನ್ನು ಮುಚ್ಚಿತು. ಯುದ್ಧದ ಮೊದಲ ತಿಂಗಳುಗಳಲ್ಲೇ ಕಡಲ ಟರ್ಮಿನಲ್‌ಗಳು ಹಾಳಾಗಿದ್ದವು. ಉಳಿದಿದ್ದು ಟರ್ಕಿಯ ಜೆಹಾನ್ ಬಂದರಿಗೆ ಹೋಗುವ, 1977ರಲ್ಲಿ ಶುರುವಾದ ಕೊಳವೆ ಒಂದೇ. ಆಮೇಲೆ ಸೌದಿ ಅರೇಬಿಯಾ ಮೂಲಕ ಕೆಂಪು ಸಮುದ್ರಕ್ಕೆ ಇನ್ನೊಂದು ಹಾಕಿದರು. 1990ರ ಆಗಸ್ಟ್‌ನಲ್ಲಿ ಸದ್ದಾಂ ಹುಸೇನ್ ಕುವೈತ್‌ಗೆ ನುಗ್ಗಿದ, ಸೌದಿ ಆ ಕೊಳವೆಯನ್ನೂ ಮುಚ್ಚಿತು. ಟರ್ಕಿ ಕೊಳವೆಯ ಕತೆಯೂ ಸಲೀಸಲ್ಲ. ಇರಾಕ್‌ನ ಉತ್ತರ ಭಾಗವಾದ ಕುರ್ದಿಸ್ತಾನದ ತೈಲ ಮಾರಾಟದ ವ್ಯಾಜ್ಯದಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ನ್ಯಾಯಮಂಡಳಿಯ ತೀರ್ಪು ಬಂದ ಮೇಲೆ 2023ರ ಮಾರ್ಚ್‌ನಲ್ಲಿ ನಿಂತಿದ್ದು, ಮತ್ತೆ ತೈಲ ಹರಿದದ್ದು 2025ರ ಸೆಪ್ಟೆಂಬರ್ ಕೊನೆಗೆ. ಪಕ್ಕದ ದೇಶದ ನೆಲದ ಮೇಲೆ ಹೋಗುವ ಕೊಳವೆಯ ಕೀಲಿಕೈ ಪಕ್ಕದ ದೇಶದ ಕೈಯಲ್ಲೇ ಇರುತ್ತದೆ. ಹಾಗಾಗಿ ಇರಾಕ್‌ಗೆ ಸ್ವಂತದ್ದು ಎಂದು ಉಳಿದಿದ್ದು ಆ 58 ಕಿ.ಮೀ. ತೀರ ಒಂದೇ.

ಈಗ 2009ಕ್ಕೆ ಬನ್ನಿ. ಆ ವರ್ಷ ಇರಾಕ್ ತನ್ನ ದೊಡ್ಡ ತೈಲ ಕ್ಷೇತ್ರಗಳನ್ನು ಹರಾಜಿನಲ್ಲಿ ವಿದೇಶಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು. ರುಮೈಲಾ, ಜುಬೈರ್, ವೆಸ್ಟ್ ಕುರ್ನಾ, ಮಜ್ನೂನ್. ಒಂದೊಂದು ಕಂಪನಿಯೂ ಇಷ್ಟು ಎತ್ತುತ್ತೇನೆ ಎಂದು ಮಾತು ಕೊಟ್ಟಿತು. ಎಲ್ಲ ಮಾತುಗಳನ್ನೂ ಕೂಡಿಸಿದರೆ ದಿನಕ್ಕೆ ಸುಮಾರು 1 ಕೋಟಿ 20 ಲಕ್ಷ ಬ್ಯಾರಲ್. ಸೌದಿ ಅರೇಬಿಯಾ ಕೂಡ ಅಷ್ಟು ಎತ್ತುತ್ತಿರಲಿಲ್ಲ. ಆದರೆ ದಕ್ಷಿಣದಿಂದ ಹೊರಗೆ ಕಳಿಸುವ ಶಕ್ತಿ ಇದ್ದದ್ದು ಇಪ್ಪತ್ತು ಲಕ್ಷದ ಒಳಗೆ. ಅದೂ ಮೂವತ್ತು ವರ್ಷ ದಾಟಿದ ಹಳೆಯ ಕೊಳವೆಗಳಲ್ಲಿ. ಆ ಕೊಳವೆಗಳಲ್ಲಿ ಒತ್ತಡ ಏರಿಸಲು ಎಂಜಿನಿಯರುಗಳಿಗೆ ಧೈರ್ಯವಿರಲಿಲ್ಲ. ಒಂದು ಒಡೆದರೆ ದೇಶದ ಅರ್ಧ ಆದಾಯ ಅವತ್ತೇ ನಿಂತು ಹೋಗುತ್ತಿತ್ತು. 2004ರ ಏಪ್ರಿಲ್ 24ರಂದು ಸ್ಫೋಟಕ ತುಂಬಿದ ದೋಣಿಗಳು ಇದೇ ಟರ್ಮಿನಲ್‌ಗಳ ಮೇಲೆ ನುಗ್ಗಿ, ತಡೆಯಲು ಹೋದ ಮೂವರು ಅಮೆರಿಕನ್ ಸಿಬ್ಬಂದಿ ಸತ್ತಿದ್ದರು. ಆ ಭಯ ಎಲ್ಲರ ತಲೆಯಲ್ಲೂ ಇತ್ತು.

ಆದ್ದರಿಂದ ಹೊಸ ಕೊಳವೆ, ಹೊಸ ಲೋಡಿಂಗ್ ಜಾಗ ಬೇಕಾಯಿತು. 2010ರಲ್ಲಿ ಗುತ್ತಿಗೆ ಕೊಟ್ಟರು, 2012ರ ಆರಂಭದಲ್ಲಿ ಹೊಸ ವ್ಯವಸ್ಥೆಯಿಂದ ಮೊದಲ ಹಡಗು ತೈಲ ತುಂಬಿಕೊಂಡಿತು. ಮತ್ತೆ 48 ಇಂಚಿನ ಕೊಳವೆಗಳೇ. ಆದರೆ ಈ ಸಲ ಕಟ್ಟೆ ಕಟ್ಟಲಿಲ್ಲ, ಎಸ್‌ಪಿಎಂ ಹಾಕಿದರು. ಎಸ್‌ಪಿಎಂ ಏನು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಕೊಳವೆ ಹಾಕುವುದು ಹೇಗೆ ಎಂದು ನೋಡೋಣ. ಇಲ್ಲಿ ಕೂತಿರುವ ಬಹಳಷ್ಟು ಹುಡುಗ ಹುಡುಗಿಯರು ಫಿಟ್ಟರ್, ವೆಲ್ಡರ್, ಮೆಕ್ಯಾನಿಕಲ್. ನಿಮಗೆ ಇದೇ ಮುಖ್ಯ.

ನಾನು ಕೆಲಸ ಮಾಡಿದ್ದು ಸಮುದ್ರದಲ್ಲಿ ಕೊಳವೆ ಹಾಕುವ ಬಾರ್ಜ್ ಎಂಬ ಚಪ್ಪಟೆ ತಳದ ದೊಡ್ಡ ನೌಕೆಗಳ ಮೇಲೆ, ವೆಲ್ಡಿಂಗ್ ತಪಾಸಣೆ ವಿಭಾಗದಲ್ಲಿ. ನಮ್ಮ ಪಶ್ಚಿಮ ಕರಾವಳಿಯಲ್ಲೂ, ಗಲ್ಫ್‌ನಲ್ಲೂ. ಹೊಸಬರು ಬಾರ್ಜ್‌ಗೆ ಬಂದಾಗ ಅವರಿಗೆ ನಾನು ಮೊದಲು ಹಾಕುತ್ತಿದ್ದ ಲೆಕ್ಕ ಒಂದಿದೆ. ನೀವೂ ಪೆನ್ನು ತೆಗೆಯಿರಿ.

48 ಇಂಚು ಎಂದರೆ 1.219 ಮೀಟರ್ ಹೊರವ್ಯಾಸ. ಗೋಡೆ ಒಂದು ಇಂಚು ದಪ್ಪ ಎಂದಿಟ್ಟುಕೊಳ್ಳಿ. ಒಂದು ಮೀಟರ್ ಉದ್ದದ ಉಕ್ಕಿನ ಕೊಳವೆಯ ತೂಕ ಸುಮಾರು 750 ಕಿಲೋ. ಅದೇ ಒಂದು ಮೀಟರ್ ಕೊಳವೆ ಸಮುದ್ರದಲ್ಲಿ ಪಕ್ಕಕ್ಕೆ ತಳ್ಳುವ ನೀರಿನ ತೂಕ ಸುಮಾರು 1,200 ಕಿಲೋ. ಈಗ ಹೇಳಿ, ಖಾಲಿ ಕೊಳವೆ ಮುಳುಗುತ್ತದೋ ತೇಲುತ್ತದೋ? ತೇಲುತ್ತದೆ. ಮೀಟರಿಗೆ 450 ಕಿಲೋ ಬಲದಿಂದ ಮೇಲಕ್ಕೆ ಎದ್ದು ಬರುತ್ತದೆ. ಇಷ್ಟು ಭಾರದ ಉಕ್ಕು ನೀರಿನಲ್ಲಿ ನಿಲ್ಲುವುದಿಲ್ಲ ಎಂದರೆ ಹೊಸಬರು ನಂಬುತ್ತಿರಲಿಲ್ಲ, ಲೆಕ್ಕ ಹಾಕಿದ ಮೇಲೆ ಸುಮ್ಮನಾಗುತ್ತಿದ್ದರು.

ಅದಕ್ಕೇ ಕೊಳವೆಗೆ ಕಾಂಕ್ರೀಟ್ ಹೊದಿಸುತ್ತಾರೆ. ನಮ್ಮ ಮನೆ ತಾರಸಿಗೆ ಹಾಕುವ ಕಾಂಕ್ರೀಟ್ ಅಲ್ಲ. ಜಲ್ಲಿಯ ಬದಲು ಕಬ್ಬಿಣದ ಅದಿರು ಬೆರೆಸಿದ ಭಾರದ ಕಾಂಕ್ರೀಟ್, ಒಂದು ಘನ ಮೀಟರಿಗೆ ಮೂರು ಟನ್ ತೂಗುತ್ತದೆ. ಹತ್ತು ಸೆಂಟಿಮೀಟರ್ ದಪ್ಪ ಹೊದಿಸಿದರೆ ಕೊಳವೆ ಇನ್ನಷ್ಟು ನೀರನ್ನು ತಳ್ಳುತ್ತದೆ ನಿಜ, ಆದರೂ ಕೂಡಿ ಕಳೆದು ನೋಡಿದರೆ ಮೀಟರಿಗೆ ಮುನ್ನೂರೈವತ್ತು ನಾನೂರು ಕಿಲೋ ತೂಕ ಕೆಳಮುಖವಾಗಿ ಉಳಿಯುತ್ತದೆ. ಆಗ ಕೊಳವೆ ತಳದಲ್ಲಿ ಮಲಗುತ್ತದೆ. ಕಾಂಕ್ರೀಟಿನ ಒಳಗೆ, ಉಕ್ಕಿನ ಮೈಗೆ ಅಂಟಿದಂತೆ, ತುಕ್ಕು ತಡೆಯುವ ಪಾಲಿಥಿಲೀನ್ ಪದರ. ಅಷ್ಟಕ್ಕೇ ಬಿಡುವುದಿಲ್ಲ, ಅಲ್ಲಲ್ಲಿ ಅಲ್ಯೂಮಿನಿಯಂ ಮಿಶ್ರಲೋಹದ ಕಡಗ ತೊಡಿಸುತ್ತಾರೆ. ಉಪ್ಪುನೀರು ಮೊದಲು ಆ ಲೋಹವನ್ನು ತಿನ್ನುತ್ತದೆ, ಉಕ್ಕು ಉಳಿದುಕೊಳ್ಳುತ್ತದೆ. ಆನೋಡ್ ಎಂದರೆ ಇದೇ. ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಓದಿ ಬಿಟ್ಟಿರುತ್ತೀರಿ, ಇಪ್ಪತ್ತೈದು ವರ್ಷ ಒಂದು ದೇಶದ ಅನ್ನ ಕಾಯುವುದು ಆ ಎರಡು ಸಾಲು.

ಒಂದೊಂದು ಕೊಳವೆಯ ತುಂಡು ಸುಮಾರು 12 ಮೀಟರ್ ಉದ್ದ, ನಾವು ಅದನ್ನು ಜಾಯಿಂಟ್ ಎನ್ನುತ್ತೇವೆ. ಐವತ್ತು ಕಿಲೋಮೀಟರಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಜಾಯಿಂಟ್, ಅಷ್ಟೇ ಬೆಸುಗೆ. ಬಾರ್ಜ್ ಮೇಲೆ ಕೆಲಸದ ಸಾಲು ಇರುತ್ತದೆ, ಫೈರಿಂಗ್ ಲೈನ್ ಎಂದು ಕರೆಯುತ್ತಾರೆ. ಮೊದಲ ಸ್ಟೇಷನ್‌ನಲ್ಲಿ ಎರಡು ತುದಿಗಳನ್ನು ಕೂದಲೆಳೆ ವ್ಯತ್ಯಾಸವಿಲ್ಲದಂತೆ ಜೋಡಿಸಿ ರೂಟ್ ಪಾಸ್, ಅಂದರೆ ಬೆಸುಗೆಯ ಮೊದಲ ಪದರ, ಹಾಕುತ್ತಾರೆ. ಎರಡನೆಯದರಲ್ಲಿ ಹಾಟ್ ಪಾಸ್. ಆಮೇಲೆ ಫಿಲ್ಲಿಂಗ್, ಕೊನೆಗೆ ಕ್ಯಾಪ್. ಅದು ಮುಗಿದ ಮೇಲೆ ನಮ್ಮ ಸ್ಟೇಷನ್, ಕಿವಿಗೆ ಕೇಳದ ಶಬ್ದದ ಅಲೆಯಿಂದ ಬೆಸುಗೆಯ ಒಳಗನ್ನು ನೋಡುವ ಅಲ್ಟ್ರಾಸೋನಿಕ್ ತಪಾಸಣೆ. ಅದರ ಮುಂದೆ ಬೆಸುಗೆಯ ಜಾಗಕ್ಕೆ ಹೊದಿಕೆ. ಎಲ್ಲ ಸ್ಟೇಷನ್‌ನಲ್ಲೂ ಹಸಿರು ದೀಪ ಬಿದ್ದರೆ ಬಾರ್ಜ್ 12 ಮೀಟರ್ ಮುಂದೆ ಸರಿಯುತ್ತದೆ, ಹಿಂದಿನ ತುದಿಯಿಂದ ಒಂದು ಜಾಯಿಂಟ್ ಕಡಲಿಗೆ ಇಳಿಯುತ್ತದೆ. ಹಗಲೂ ರಾತ್ರಿ ಇದೇ. ಎಲ್ಲೋ ಒಂದು ಸ್ಟೇಷನ್ ತಡವಾದರೆ ಇಡೀ ಬಾರ್ಜ್, ನೂರಾರು ಜನ, ನಿಂತು ಕಾಯುತ್ತಾರೆ.

ನನ್ನ ಪರದೆಯ ಮೇಲೆ ಮೂಡುವ ಗೆರೆಯಲ್ಲಿ ಒಂದು ಸಣ್ಣ ಉಬ್ಬು ಕಂಡರೆ ಬೆಸುಗೆಯೊಳಗೆ ಗಾಳಿಗುಳ್ಳೆ ಇದೆ, ಅಥವಾ ಲೋಹ ಪೂರ್ತಿ ಕೂಡಿಲ್ಲ ಎಂದರ್ಥ. ಆಗ ಅದನ್ನು ಕೆರೆದು ಮತ್ತೆ ಹಾಕಬೇಕು, ಇಲ್ಲವೇ ಕತ್ತರಿಸಿ ತೆಗೆಯಬೇಕು. ಬೇಡ ಎಂದು ಒತ್ತಾಯಿಸುವವರು ಇರುತ್ತಾರೆ. ಬಾರ್ಜಿನ ದಿನದ ಬಾಡಿಗೆ ಅಷ್ಟು ದುಬಾರಿ. ಒಪ್ಪಬಾರದು. ಕೆಜಿಎಫ್ ಕಡೆಯಿಂದ ಬಂದ ಒಬ್ಬ ವೆಲ್ಡರ್ ನಮ್ಮ ಜತೆ ಇದ್ದರು, ನನಗಿಂತ ದೊಡ್ಡವರು, ಎಲ್ಲರೂ ಅಣ್ಣ ಎಂದೇ ಕರೆಯುತ್ತಿದ್ದರು. ತಮ್ಮ ಬೆಸುಗೆಯಲ್ಲಿ ದೋಷ ಇದೆ ಎಂದರೆ ಒಂದು ದಿನವೂ ವಾದ ಮಾಡಿದವರಲ್ಲ. ಬಂದು ಪರದೆ ನೋಡಿ, ‘ಹೌದು, ಅಲ್ಲಿ ಕೈ ನಿಂತುಬಿಟ್ಟಿತ್ತು’ ಎಂದು ಹೇಳಿ ಗ್ರೈಂಡರ್ ಎತ್ತಿಕೊಂಡು ಹೋಗುತ್ತಿದ್ದರು. ನಾನು ಕಂಡ ಅತ್ಯುತ್ತಮ ಕೆಲಸಗಾರ ಅವರು.

ಕೊಳವೆ ಬಾರ್ಜಿನಿಂದ ಇಳಿಯುವಾಗ ಎರಡು ಕಡೆ ಬಾಗುತ್ತದೆ. ಬಾರ್ಜಿನ ಹಿಂದೆ ಚಾಚಿರುವ ಸ್ಟಿಂಗರ್ ಎಂಬ ಉಕ್ಕಿನ ಚೌಕಟ್ಟಿನ ಮೇಲೆ ಒಂದು ಬಾಗು, ತಳ ಮುಟ್ಟುವ ಹತ್ತಿರ ತಿರುಗುಮುರುಗಾಗಿ ಇನ್ನೊಂದು. ಟೆನ್ಷನರ್ ಎಂಬ ಯಂತ್ರ ಕೊಳವೆಯನ್ನು ಬಿಗಿಯಾಗಿ ಹಿಡಿದು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಹಿಡಿತ ಸಡಿಲಾದರೆ ಕೊಳವೆ ಮಡಚಿಕೊಳ್ಳುತ್ತದೆ. ಗಲ್ಫ್‌ನಲ್ಲಿ ಶಮಾಲ್ ಎಂಬ ವಾಯವ್ಯದ ಗಾಳಿ ಬೀಸುತ್ತದೆ. ಅದು ಜೋರಾದರೆ ತುದಿಗೆ ಮುಚ್ಚಳ ಬೆಸೆದು, ಕೊಳವೆಯನ್ನು ಉಕ್ಕಿನ ಹಗ್ಗದಲ್ಲಿ ತಳಕ್ಕೆ ಇಳಿಸಿಬಿಟ್ಟು, ಗಾಳಿ ಇಳಿದ ಮೇಲೆ ಮತ್ತೆ ಎತ್ತಿಕೊಳ್ಳಬೇಕು.

ಬಸ್ರಾ ಕಡಲಿನಲ್ಲಿ ಇದಕ್ಕೆಲ್ಲ ಮೊದಲು ಇನ್ನೊಂದು ಕೆಲಸವಿತ್ತು. ಹಿಂದಿನ ಯುದ್ಧಗಳಲ್ಲಿ ಬಿದ್ದು ಸಿಡಿಯದೆ ಉಳಿದ ಬಾಂಬು, ಮೈನುಗಳನ್ನು ಹುಡುಕುವುದು. ಕೊಳವೆ ಹೋಗುವ ದಾರಿಯ ತಳವನ್ನೆಲ್ಲ ಉಪಕರಣಗಳಿಂದ ಜಾಲಾಡಿ, ಅನುಮಾನ ಬಂದ ಕಡೆ ಮುಳುಗುಗಾರರು ಇಳಿದು ನೋಡಿದ ಮೇಲೆಯೇ ಮುಂದಿನ ಕೆಲಸ. ಹೂಳಿನಲ್ಲಿ ಕೊಳವೆಯನ್ನು ಹೂಳಬೇಕು, ಇಲ್ಲದಿದ್ದರೆ ಹಡಗಿನ ಲಂಗರು ಸಿಕ್ಕಿಕೊಳ್ಳುತ್ತದೆ. ಎಲ್ಲ ಮುಗಿದ ಮೇಲೆ ಸಮುದ್ರದ ನೀರನ್ನೇ ಸೋಸಿ ತುಂಬಿ, ಕೆಲಸದ ಒತ್ತಡಕ್ಕಿಂತ ಹೆಚ್ಚು ಒತ್ತಡ ಏರಿಸಿ, 24 ಗಂಟೆ ಹಾಗೇ ಬಿಟ್ಟು ನೋಡುತ್ತಾರೆ. ಒತ್ತಡ ಅಳೆಯುವ ಮಾಪಕದ ಮುಳ್ಳು ಕದಲಬಾರದು.

ಇನ್ನು ಎಸ್‌ಪಿಎಂ. ಸಿಂಗಲ್ ಪಾಯಿಂಟ್ ಮೂರಿಂಗ್. ಸಮುದ್ರದ ಮೇಲೆ ಒಂದು ದೊಡ್ಡ ದುಂಡನೆಯ ಬೋಯ್ ತೇಲುತ್ತಿರುತ್ತದೆ, ಸುತ್ತ ಸರಪಳಿಗಳಿಂದ ತಳಕ್ಕೆ ಲಂಗರು ಹಾಕಿರುತ್ತಾರೆ. ಕೊಳವೆಯ ತುದಿ ಬೋಯ್ ಕೆಳಗೆ ಕಡಲ ತಳದಲ್ಲಿ ಮುಗಿಯುತ್ತದೆ. ಅಲ್ಲಿಂದ ರಬ್ಬರ್ ಹೋಸ್‌ಗಳು ಬೋಯ್‌ಗೆ ಏರುತ್ತವೆ, ಬೋಯ್‌ನಿಂದ ತೇಲುವ ಹೋಸ್‌ಗಳು ಹಡಗಿಗೆ ಹೋಗುತ್ತವೆ. ಹಡಗು ತನ್ನ ಮೂತಿಯನ್ನು ಮಾತ್ರ ದಪ್ಪ ಹಗ್ಗದಿಂದ ಬೋಯ್‌ಗೆ ಕಟ್ಟಿಕೊಳ್ಳುತ್ತದೆ. ಗಾಳಿ ತಿರುಗಿದರೆ ಹಡಗೂ ಬೋಯ್ ಸುತ್ತ ತಿರುಗುತ್ತದೆ, ತೈಲ ಹರಿಯುತ್ತಲೇ ಇರುತ್ತದೆ. ಬೋಯ್ ನಡುವೆ ಇರುವ ಸ್ವಿವೆಲ್ ಎಂಬ ತಿರುಗುವ ಜೋಡಣೆಯೇ ಇದಕ್ಕೆಲ್ಲ ಆಧಾರ. ಕಟ್ಟೆ ಬೇಕಿಲ್ಲ, ಬೇಗ ಮುಗಿಯುತ್ತದೆ, ಆಳ ಸಿಗುವ ಕಡೆ ಹಾಕಬಹುದು. ಒಂದೊಂದಕ್ಕೂ ದಿನಕ್ಕೆ ಎಂಟೂವರೆ, ಒಂಬತ್ತು ಲಕ್ಷ ಬ್ಯಾರಲ್ ಸಾಮರ್ಥ್ಯ ಎಂದು ಆಗ ಹೇಳಿದರು.

ಒಂಬತ್ತು ಲಕ್ಷ ಬ್ಯಾರಲ್ 48 ಇಂಚಿನ ಕೊಳವೆಯಲ್ಲಿ ಹರಿಯುವಾಗ ಅದರ ವೇಗ ಸೆಕೆಂಡಿಗೆ ಒಂದೂವರೆ ಮೀಟರ್. ನೀವು ಸ್ವಲ್ಪ ಬಿರುಸಾಗಿ ನಡೆದಷ್ಟೇ. ಫಾವ್‌ನಿಂದ ಹೊರಟ ತೈಲ ಐವತ್ತು ಕಿ.ಮೀ. ದಾಟಲು ಒಂಬತ್ತು ಗಂಟೆ. ಕೊಳವೆ ತುಂಬಲಿಕ್ಕೇ ಮೂರು ಲಕ್ಷಕ್ಕೂ ಹೆಚ್ಚು ಬ್ಯಾರಲ್ ಬೇಕು, ಅದು ಮಾರಾಟಕ್ಕೆ ಸಿಗದೆ ಒಳಗೇ ಇರುವ ತೈಲ.

ಈಗ ಕೆ.ಸಿ. ವ್ಯಾಲಿಗೆ ಹಿಂದಿರುಗಿ. ಯೋಜನೆಯ ಕಾಗದದಲ್ಲಿ ಬರೆದಷ್ಟು ನೀರು ಎಲ್ಲ ದಿನವೂ ನಮ್ಮ ಕೆರೆಗೆ ಬರುವುದಿಲ್ಲ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಕೊಳವೆ ದೊಡ್ಡದೇ ಇದೆ. ಆದರೆ ಬೆಂಗಳೂರಿನಲ್ಲಿ ಸಂಸ್ಕರಣಾ ಘಟಕ ಓಡಬೇಕು, ಪಂಪ್‌ಗೆ ಕರೆಂಟು ಬೇಕು, ನಡುವಿನ ತೊಟ್ಟಿ ತುಂಬಿರಬೇಕು. ಯಾವುದು ಕಡಿಮೆಯೋ ಅಷ್ಟೇ ನೀರು. ಬಸ್ರಾದಲ್ಲಿ ಆಗಿದ್ದೂ ಇದೇ. ಸಮುದ್ರದ ಕೆಲಸ ಬೇಗ ಮುಗಿಯಿತು, ಕೊಳವೆ ಸಿದ್ಧವಾಯಿತು, ಬೋಯ್‌ಗಳು ತೇಲಿದವು. ದಡದ ಮೇಲೆ ಪಂಪ್ ಸಾಲಲಿಲ್ಲ, ಸಂಗ್ರಹ ಟ್ಯಾಂಕುಗಳು ಸಾಲಲಿಲ್ಲ. ಕಾಗದದ ಮೇಲಿನ ಸಾಮರ್ಥ್ಯ ಹಲವು ವರ್ಷ ಕಾಗದದ ಮೇಲೇ ಉಳಿಯಿತು.

ಟ್ಯಾಂಕು ಯಾಕೆ ಅಷ್ಟು ಮುಖ್ಯ ಎಂದು ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಬಾವಿಯಿಂದ ತೈಲ ಬರುವುದು ನಿಲ್ಲದ ಹರಿವು, ಹಡಗು ಬರುವುದು ಬಿಟ್ಟು ಬಿಟ್ಟು. ನಡುವಿನ ಅಂತರವನ್ನು ತುಂಬುವುದು ಟ್ಯಾಂಕು. ಚಳಿಗಾಲದಲ್ಲಿ ಗಾಳಿ ಎದ್ದು ಎರಡು ಮೂರು ದಿನ ಹಡಗು ಕಟ್ಟಲಾಗದಿದ್ದರೆ ದಿನಕ್ಕೆ ಮೂವತ್ತು ಲಕ್ಷ ಬ್ಯಾರಲ್ ಎಲ್ಲಿ ಇಡುತ್ತೀರಿ? ಟ್ಯಾಂಕು ತುಂಬಿದ ಕೂಡಲೇ ನೂರು ಕಿ.ಮೀ. ಹಿಂದೆ ರುಮೈಲಾದಲ್ಲಿ ಬಾವಿಗಳನ್ನು ತಗ್ಗಿಸಬೇಕಾಗುತ್ತದೆ. ಬಸ್ರಾದಲ್ಲಿ ಇದು ಮತ್ತೆ ಮತ್ತೆ ಆಗಿದೆ. ಕಡಲಿನ ಕೊಳವೆಗೆ ಮಂತ್ರಿಗಳು ಬಂದು ರಿಬ್ಬನ್ ಕತ್ತರಿಸುತ್ತಾರೆ, ಟ್ಯಾಂಕು ಕಟ್ಟುವುದನ್ನು ಮಾತ್ರ ಮುಂದೂಡುತ್ತಾರೆ. ಇದು ತಪ್ಪು, ಬಹಳ ದುಬಾರಿಯ ತಪ್ಪು.

ಇನ್ನೊಂದು ನೋವಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಇದೇ ಎಸ್‌ಪಿಎಂ ಗುತ್ತಿಗೆಗಳ ಸುತ್ತ ಲಂಚದ ಪ್ರಕರಣ ಎದ್ದು ಲಂಡನ್ ನ್ಯಾಯಾಲಯಕ್ಕೆ ಹೋಯಿತು, ಅದರಲ್ಲಿ ಸಿಕ್ಕಿಬಿದ್ದ ಕಂಪನಿಯ ಹೆಸರಿನಿಂದ ಯುನಾಆಯಿಲ್ ಪ್ರಕರಣ ಎಂದೇ ಹೆಸರು. ಒಬ್ಬರು 2019ರಲ್ಲಿ ತಪ್ಪೊಪ್ಪಿಕೊಂಡರು. ವಿಚಾರಣೆ ಎದುರಿಸಿ ಶಿಕ್ಷೆಗೊಳಗಾದ ಇತರರ ತೀರ್ಪುಗಳನ್ನು ತನಿಖೆಯವರ ಲೋಪದಿಂದಾಗಿ ಮೇಲ್ಮನವಿ ನ್ಯಾಯಾಲಯ ರದ್ದು ಮಾಡಿತು. ಯುದ್ಧದಿಂದ ಎದ್ದು ನಿಲ್ಲಲು ಹೆಣಗುತ್ತಿದ್ದ ದೇಶದ ಉಸಿರಿನ ಕೊಳವೆಯಲ್ಲೂ ಕಾಸು ಹೊಡೆಯಲು ನೋಡಿದರಲ್ಲ ಎಂದು ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಸೋರಿಕೆಯ ಬಗ್ಗೆಯೂ ಹೇಳಬೇಕು. ಉಕ್ಕಿನ ಕೊಳವೆಗಿಂತ ಹೆಚ್ಚು ಕಾಟ ಕೊಡುವುದು ಕೊನೆಯ ಹೋಸ್ ಮತ್ತು ಜೋಡಣೆಗಳು. 2022ರ ಜನವರಿ ಒಂದೇ ತಿಂಗಳಲ್ಲಿ ಎರಡು ಕಡೆ ಹೀಗಾಯಿತು. ಪೆರುವಿನ ಲಾ ಪಂಪಿಲ್ಯಾ ರಿಫೈನರಿ ಬಳಿ ಹಡಗು ತೈಲ ಇಳಿಸುತ್ತಿತ್ತು. ಅವತ್ತು ಶಾಂತ ಸಾಗರದ ಇನ್ನೊಂದು ದಿಕ್ಕಿನ ಟೊಂಗಾದಲ್ಲಿ ಜ್ವಾಲಾಮುಖಿ ಸಿಡಿದಿತ್ತು. ಸಮುದ್ರ ಏರುಪೇರಾಗಿ ಜೋಡಣೆ ಮುರಿಯಿತು, ಹತ್ತು ಸಾವಿರ ಬ್ಯಾರಲ್ಲಿಗೂ ಹೆಚ್ಚು ತೈಲ ಕಡಲಿಗೆ ಹೋಗಿ ಮೀನುಗಾರರು ತಿಂಗಳುಗಟ್ಟಲೆ ಬಲೆ ಬೀಸಲಾಗಲಿಲ್ಲ. ಅದೇ ತಿಂಗಳ ಕೊನೆಗೆ ಥಾಯ್ಲೆಂಡ್‌ನ ರಯೋಂಗ್ ಬಳಿ ಎಸ್‌ಪಿಎಂನ ಕಡಲಡಿ ಹೋಸ್ ಸೋರಿತು. ಬಸ್ರಾದ ಕಡಲು ಇವೆರಡಕ್ಕಿಂತಲೂ ಸೂಕ್ಷ್ಮ. ಆಳವಿಲ್ಲ, ನೀರು ಬೇಗ ಬದಲಾಗುವುದಿಲ್ಲ, ಹಿಂದೆಯೇ ಜೌಗು ನೆಲ, ಮೀನು ಸೀಗಡಿ ಮರಿ ಮಾಡುವ ಜಾಗ. ಹೋಸ್‌ಗಳನ್ನು ಅವಧಿ ಮುಗಿಯುವ ಮೊದಲೇ ಬದಲಿಸಬೇಕು, ಖರ್ಚು ನೋಡಬಾರದು.

ಇದು ಇರಾಕ್‌ನ ತೊಂದರೆ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕ ಕಚ್ಚಾ ತೈಲದ ರಫ್ತಿನ ಮೇಲಿದ್ದ ನಿಷೇಧವನ್ನು 2015ರ ಡಿಸೆಂಬರ್‌ನಲ್ಲಿ ತೆಗೆಯಿತು. 2024ರಲ್ಲಿ ದಿನಕ್ಕೆ ಸುಮಾರು 40 ಲಕ್ಷ ಬ್ಯಾರಲ್ ರಫ್ತು ಮಾಡಿದ ದೇಶ ಅದು. ಆದರೂ ಟೆಕ್ಸಾಸ್ ಬಂದರುಗಳಲ್ಲಿ ವಿಎಲ್‌ಸಿಸಿ ಪೂರ್ತಿ ತುಂಬುವಷ್ಟು ಆಳವಿಲ್ಲ. ಚಿಕ್ಕ ಹಡಗುಗಳಲ್ಲಿ ತೈಲ ಹೊತ್ತು ಹೊರಗೆ ಹೋಗಿ, ನಡುಗಡಲಿನಲ್ಲಿ ದೊಡ್ಡ ಹಡಗಿಗೆ ಬದಲಾಯಿಸುತ್ತಾರೆ. ಪೂರ್ತಿ ತುಂಬುವ ಸೌಲಭ್ಯ ಇರುವುದು ಲೂಯಿಸಿಯಾನಾದ ಕಡಲ ಬಂದರು ಲೂಪ್‌ನಲ್ಲಿ. 1981ರಲ್ಲಿ ತೈಲ ಆಮದಿಗೆಂದು ಶುರುವಾದ ಅದೇ ಕೊಳವೆಗಳಿಂದ 2018ರಲ್ಲಿ ರಫ್ತು ಶುರು ಮಾಡಿದರು.

ಈಗ ಇರಾಕ್ ಮೂರನೇ ಸಮುದ್ರ ಕೊಳವೆ ಯೋಜನೆಗೆ ಕೈಹಾಕಿದೆ. ಅದು ಬೇಕೇ ಬೇಕು, ಹಳೆಯ ಕೊಳವೆಗಳಿಗೆ ವಯಸ್ಸಾಗಿದೆ, ಒಂದನ್ನು ನಿಲ್ಲಿಸಿ ರಿಪೇರಿ ಮಾಡಲೂ ಇನ್ನೊಂದು ಬೇಕು. ಆದರೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಫಾವ್‌ನಿಂದ ಎಷ್ಟೇ ಕೊಳವೆ ಹಾಕಿದರೂ ಅವೆಲ್ಲ ಹೊರಬರುವುದು ಒಂದೇ ಕೊಲ್ಲಿಗೆ, ಆ ಕೊಲ್ಲಿಯಿಂದ ಆಚೆ ಹೋಗಲು ಹಾರ್ಮುಜ್ ಜಲಸಂಧಿ ಒಂದೇ. ಅತಿ ಕಿರಿದಾದ ಕಡೆ ಅದರ ಅಗಲ ಸುಮಾರು 33 ಕಿ.ಮೀ. 2024ರಲ್ಲಿ ದಿನಕ್ಕೆ ಎರಡು ಕೋಟಿ ಬ್ಯಾರಲ್ ತೈಲ, ಜಗತ್ತು ಬಳಸುವುದರ ಐದರಲ್ಲಿ ಒಂದು ಪಾಲು, ಅಲ್ಲಿಂದ ಹೋಯಿತು. ಸಾಮರ್ಥ್ಯ ಹೆಚ್ಚಿಸುವುದು ಬೇರೆ, ದಾರಿ ಹೆಚ್ಚಿಸುವುದು ಬೇರೆ. ಸೌದಿ ಅರೇಬಿಯಾ ಇದನ್ನು 1980ರ ದಶಕದಲ್ಲೇ ಮನಗಂಡು ಅಬ್‌ಕೈಕ್‌ನಿಂದ ಕೆಂಪು ಸಮುದ್ರದ ಯಾನ್‌ಬುಗೆ 1,200 ಕಿ.ಮೀ. ಕೊಳವೆ ಹಾಕಿತು. ಯುಎಇ 2012ರಲ್ಲಿ ಹಬ್ಶಾನ್‌ನಿಂದ ಹಾರ್ಮುಜ್ ಆಚೆಯ ಫುಜೈರಾಗೆ ದಿನಕ್ಕೆ 15 ಲಕ್ಷ ಬ್ಯಾರಲ್ ಸಾಗಿಸುವ ಕೊಳವೆ ಶುರು ಮಾಡಿತು. ಹಾರ್ಮುಜ್ ತನ್ನ ಕೈಯಲ್ಲಿದೆ ಎನ್ನುವ ಇರಾನ್ ಕೂಡ 2021ರಲ್ಲಿ ಗೋರೆಯಿಂದ ಜಾಸ್ಕ್‌ಗೆ ಸುಮಾರು ಸಾವಿರ ಕಿ.ಮೀ. ಕೊಳವೆ ಎಳೆದು ಜಲಸಂಧಿಯ ಆಚೆ ಬೋಯ್ ತೇಲಿಸಿತು. ಇರಾಕ್ ಮಾತ್ರ ಬಸ್ರಾದಿಂದ ಜೋರ್ಡಾನಿನ ಅಕಾಬಾಗೆ ಕೊಳವೆ ಹಾಕುವ ಒಪ್ಪಂದಕ್ಕೆ 2013ರಲ್ಲಿ ಸಹಿ ಮಾಡಿ, ಅದನ್ನು ಕಡಲು ಮುಟ್ಟಿಸದೆ ಬಿಟ್ಟಿತು.

ಕೋಲಾರದವರಿಗೆ ಇದೆಲ್ಲ ಯಾಕೆ? ಎಪಿಎಂಸಿಯಿಂದ ಟೊಮೆಟೊ ಹೊತ್ತು ರಾತ್ರಿ ಹೊರಡುವ ಲಾರಿಗಳ ಡೀಸೆಲ್ ಎಲ್ಲಿಂದ ಬರುತ್ತದೆ ನೋಡಿ. ಹೊಸಕೋಟೆ ಬಳಿಯ ದೇವನಗೊಂದಿ ಡಿಪೋದಿಂದ ಟ್ಯಾಂಕರ್‌ಗಳು ಬರುತ್ತವೆ. ದೇವನಗೊಂದಿಗೆ ಮಂಗಳೂರಿನಿಂದ ಹಾಸನದ ಮೇಲೆ ಸುಮಾರು 360 ಕಿ.ಮೀ. ಕೊಳವೆ ಇದೆ. ಮಂಗಳೂರು ರಿಫೈನರಿಗೆ ಕಚ್ಚಾ ತೈಲ ತರುವ ದೊಡ್ಡ ಹಡಗುಗಳು ಬಂದರಿಗೆ ಬರದೆ, ದಡದಿಂದ ಆಚೆ ಕಡಲಿನಲ್ಲಿ 2013ರಿಂದ ಇರುವ ಎಸ್‌ಪಿಎಂಗೆ ಮೂತಿ ಕಟ್ಟಿಕೊಂಡು ತೈಲ ಇಳಿಸುತ್ತವೆ. ಬಸ್ರಾದಲ್ಲಿ ತುಂಬುವ ಬೋಯ್, ಮಂಗಳೂರಿನಲ್ಲಿ ಖಾಲಿ ಮಾಡುವ ಬೋಯ್, ಒಂದೇ ಜಾತಿಯ ಯಂತ್ರ. ನಡುವೆ ಹಡಗಿಗೆ ಒಂದು ವಾರವೂ ಬೇಡ. 2017–18ರಿಂದ 2021–22ರವರೆಗೆ ಭಾರತಕ್ಕೆ ಅತಿ ಹೆಚ್ಚು ಕಚ್ಚಾ ತೈಲ ಕೊಟ್ಟ ದೇಶ ಇರಾಕ್. ಆಮೇಲೆ ರಷ್ಯಾ ಮುಂದೆ ಬಂತು, ಆದರೂ ಇರಾಕ್ ನಮಗೆ ದೊಡ್ಡ ಪೂರೈಕೆದಾರನೇ.

ಅತ್ತ ಕೊಳವೆ ನಿಂತರೆ ಇತ್ತ ನಮ್ಮ ಕೈಯಲ್ಲಿ ಏನಿದೆ ಎಂಬುದನ್ನೂ ನೋಡಬೇಕು. ಬಂಡೆ ಕೊರೆದು ಮಾಡಿದ ಭೂಗತ ಸಂಗ್ರಹಗಳು ಮೂರು ಕಡೆ ಇವೆ. ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್. ಮೂರರಲ್ಲಿ ಎರಡು ನಮ್ಮ ರಾಜ್ಯದಲ್ಲೇ. ಮೂರೂ ಪೂರ್ತಿ ತುಂಬಿದ್ದರೂ ದೇಶಕ್ಕೆ ಒಂಬತ್ತೂವರೆ ದಿನಕ್ಕೆ ಸಾಕಾಗುವಷ್ಟು ಎಂದು ಸರ್ಕಾರವೇ ಹೇಳಿದೆ. ಕಂಪನಿಗಳ ಟ್ಯಾಂಕುಗಳಲ್ಲಿ ಇರುವುದು ಇದರ ಮೇಲೆ. ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್, ಒಡಿಶಾದ ಚಂಡಿಖೋಲ್‌ನಲ್ಲಿ 40 ಲಕ್ಷ ಟನ್ ಸಂಗ್ರಹಕ್ಕೆ 2021ರ ಜುಲೈನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು. ಬಸ್ರಾದವರು ಟ್ಯಾಂಕನ್ನು ಮುಂದೂಡಿ ಏನು ಅನುಭವಿಸಿದರು ಎಂದು ಈಗಷ್ಟೇ ಹೇಳಿದೆ. ಪಾದೂರಿನಲ್ಲಿ ಭೂಮಿ ಬಿಟ್ಟುಕೊಡುವ ರೈತರಿಗೆ ನ್ಯಾಯವಾದ ಬೆಲೆ, ಬೇರೆ ನೆಲೆ ಕೊಟ್ಟು, ಅವರ ಬಾವಿಗಳ ನೀರು ಕೆಡದಂತೆ ನೋಡಿಕೊಂಡು, ಆ ಕೆಲಸವನ್ನು ಬೇಗ ಮುಗಿಸಬೇಕು. ಬಂಡೆ ಕೊರೆಯುವ, ಪಂಪ್ ಕೂರಿಸುವ, ಬೆಸುಗೆ ಹಾಕುವ ಆ ಕೆಲಸಕ್ಕೆ ಈ ಸಭಾಂಗಣದಲ್ಲಿ ಕೂತಿರುವವರೂ ಅರ್ಜಿ ಹಾಕಬಹುದು. ಓರೆಯಾಗಿ ನಿಲ್ಲಿಸಿದ ಕೊಳವೆಗೆ ಸುತ್ತಲೂ ಬೆಸುಗೆ ಹಾಕಬೇಕಾದ ಪೈಪ್ ವೆಲ್ಡಿಂಗ್‌ನ 6ಜಿ ಪರೀಕ್ಷೆಗೆ ತಯಾರಾಗುವವರು ಕಾರ್ಯಕ್ರಮ ಮುಗಿದ ಮೇಲೆ ಇಲ್ಲೇ ನಿಲ್ಲಿ, ಎಲ್ಲಿಂದ ಶುರು ಮಾಡಬೇಕು ಎಂದು ಕೂತು ಮಾತಾಡೋಣ.